ಮೊದಲನೆಯ ಸಾಲಿನ ಕುರ್ಚಿ

(ರೇಡಿಯೋ ಭಾಷಣ)

ಸಭೆ ಸಮಾರಂಭಗಳಿಗೆ ಹೋಗಿಬರುವ ಅಭ್ಯಾಸವುಳ್ಳವರಿಗೆಲ್ಲ ಮೊದಲನೆಯ ಸಾಲಿನ ಕುರ್ಚಿಗಳ ಪರಿಚಯವಿದ್ದೇ ಇರುತ್ತದೆ. ಹಿಂದಿನ ಸಾಲುಗಳಲ್ಲಿ ಮಡಿಸುವ ಕಬ್ಬಿಣದ ಕುರ್ಚಿಗಳಿದ್ದರೆ ಅಲ್ಲಿ ಮೆತ್ತನೆಯ ಸೋಫಾ ಇರುತ್ತದೆ. ಅದರ ಬೆನ್ನಿಗೆ ಬಿಳಿಯ ವಸ್ತ್ರ ಹೊದಿಸಿರುತ್ತಾರೆ. ‘ಗಣ್ಯರಿಗೆ’ ಎಂದು ಬರೆದ ಚೀಟಿಯನ್ನು ಅಂಟಿಸಿರುತ್ತಾರೆ. ಸಂಗೀತ ಕಚೇರಿಯಲ್ಲಾಗಲಿ ಶಾಲೆಯ ವಾರ್ಷಿಕೋತ್ಸವದಲ್ಲಾಗಲಿ ಈ ಏರ್ಪಾಡಿನಿಂದ ಯಾರಿಗೂ ದೊಡ್ಡ ನಷ್ಟವಿಲ್ಲ. ಆದರೆ ಯುದ್ಧವೊಂದರ ಸ್ಮರಣೆಗಾಗಿ ಜನ ಕೂಡಿದಾಗ ಆ ಕುರ್ಚಿಯಲ್ಲಿ ಕುಳಿತುಕೊಳ್ಳತಕ್ಕವರು ಯಾರು ಎಂಬ ಪ್ರಶ್ನೆ ಅಷ್ಟು ಸುಲಭವಾದುದಲ್ಲ. ಅದನ್ನು ಕುರಿತು ಕೆಲವು ಮಾತುಗಳನ್ನು ಈ ಹೊತ್ತು ಹೇಳಬಯಸುತ್ತೇನೆ.

2021ರ ಡಿಸೆಂಬರ್ 16ರಂದು, ಢಾಕಾ ನಗರದಲ್ಲಿ ಪಾಕಿಸ್ತಾನದ ಸೇನೆ ನಮ್ಮ ಸೇನೆಗೆ ಶರಣಾಗಿ ಐವತ್ತು ವರ್ಷ ತುಂಬಿತು. ಆ ನಿಮಿತ್ತ ನಮ್ಮ ಊರಿನಲ್ಲಿಯೂ ಒಂದು ಸಮಾರಂಭ ನಡೆಯಿತು. ನಮ್ಮ ಬೀದಿಯಲ್ಲಿ 1971ರ ಆ ಯುದ್ಧದಲ್ಲಿ ಹೋರಾಡಿದ ನಿವೃತ್ತ ಹವಾಲ್ದಾರರೊಬ್ಬರಿದ್ದಾರೆ. ಅವರು ಬೆಳಗ್ಗೆಯೇ ಇಸ್ತ್ರಿ ಮಾಡಿದ ಕೋಟು ತೊಟ್ಟು, ಎದೆಯ ಮೇಲೆ ಪದಕಗಳನ್ನು ಧರಿಸಿ, ನನ್ನನ್ನೂ ಜೊತೆಗೆ ಕರೆದುಕೊಂಡು ಹೊರಟರು. ಇಂದು ಕರೆದಿರುವುದು ನಮ್ಮನ್ನೇ ಅಲ್ಲವೇ ಎಂಬ ಭಾವನೆಯಿಂದ ಮೊದಲನೆಯ ಸಾಲಿನಲ್ಲಿ ಕುಳಿತರು. ಸ್ವಲ್ಪ ಹೊತ್ತಿಗೆ ಸ್ವಯಂಸೇವಕ ಹುಡುಗನೊಬ್ಬ ಬಂದು, “ತಾತ, ಇದು ವಿ.ಐ.ಪಿ.ಗಳ ಸಾಲು, ಸ್ವಲ್ಪ ಹಿಂದಕ್ಕೆ ಬರ್ತೀರಾ?” ಎಂದು ವಿನಯದಿಂದಲೇ ಕೇಳಿದ. ಅವರು ಎದ್ದರು. ನಾಲ್ಕನೆಯ ಸಾಲಿನಲ್ಲಿ ಕುಳಿತದ್ದಾಯಿತು. ಗಣ್ಯರ ಪರಿವಾರ ಬಂದಾಗ ಅದನ್ನೂ ಬಿಡಬೇಕಾಯಿತು. ಕೊನೆಗೆ ನಾವಿಬ್ಬರೂ ಬಾಗಿಲ ಬಳಿ ಗೋಡೆಗೆ ಒರಗಿ ನಿಂತೆವು.

ಮುಖ್ಯ ಅತಿಥಿಗಳು ಒಂದೂವರೆ ಗಂಟೆ ತಡವಾಗಿ ಬಂದರು. ಸ್ವಾಗತ ಭಾಷಣವಾಯಿತು, ದೀಪ ಬೆಳಗಿದ್ದಾಯಿತು, ವೇದಿಕೆಯ ಮೇಲಿದ್ದ ಹದಿನಾಲ್ಕು ಮಂದಿಗೂ ಹಾರ, ಶಾಲು, ಹಣ್ಣಿನ ಬುಟ್ಟಿಗಳು ಸಂದವು. ಪ್ರತಿಯೊಬ್ಬರೂ ಎರಡು ಮಾತು ಎಂದು ಆರಂಭಿಸಿ ಇಪ್ಪತ್ತು ನಿಮಿಷ ಮಾತನಾಡಿದರು. ಆಮೇಲೆ ನಿರೂಪಕರು, ಸಮಯದ ಅಭಾವದಿಂದಾಗಿ ಮಾಜಿ ಸೈನಿಕರೆಲ್ಲರ ಪರವಾಗಿ ಒಬ್ಬರನ್ನು ಮಾತ್ರ ಸನ್ಮಾನಿಸಲಾಗುವುದೆಂದು ಸಾರಿದರು. ರಾಷ್ಟ್ರಗೀತೆಯೊಡನೆ ಸಭೆ ಮುಗಿಯಿತು.

ಮನೆಗೆ ಮರಳುವಾಗ ಹವಾಲ್ದಾರರಿಗೆ ಕೋಪ ಬಂದಿರಬಹುದೆಂದು ನಾನು ಎಣಿಸಿದ್ದೆ. ಅವರು ಕೋಟಿನ ಒಳಜೇಬಿನಿಂದ ನಾಲ್ಕಾಗಿ ಮಡಿಸಿದ ಕಾಗದವೊಂದನ್ನು ತೆಗೆದು ತೋರಿಸಿದರು. ಅದರಲ್ಲಿ ನಡುಗುವ ಅಕ್ಷರಗಳಲ್ಲಿ ಏಳು ಹೆಸರುಗಳಿದ್ದವು. ಅವರ ಕಂಪನಿಯಿಂದ ಹೋಗಿ ಹಿಂದಿರುಗದೆ ಉಳಿದವರ ಹೆಸರುಗಳು. “ಮೇಷ್ಟ್ರೇ, ಕುರ್ಚಿ ಹೋದ್ರೆ ಹೋಗಲಿ. ಇದನ್ನ ಓದೋಕೆ ಎರಡು ನಿಮಿಷ ಕೊಟ್ಟಿದ್ರೆ ಸಾಕಾಗಿತ್ತು” ಎಂದರು.

ಇದು ನಮ್ಮ ಊರಿನ, ನಮ್ಮ ಕಾಲದ ದೋಷವೆಂದು ನಾನು ಕೆಲವು ದಿನ ನೊಂದುಕೊಂಡೆ. ಆದರೆ ಚರಿತ್ರೆಯ ಪುಟಗಳನ್ನು ತಿರುವಿದಾಗ ಈ ಕಥೆ ಬಹಳ ಹಳೆಯದೆಂದೂ ಒಂದು ಕಡೆ ಅದು ಬೆಂಕಿಯಲ್ಲಿ ಮುಗಿಯಿತೆಂದೂ ತಿಳಿದುಬಂತು. ಆ ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಲಂಡನ್ನಿನಿಂದ ಉತ್ತರಕ್ಕೆ ಸುಮಾರು ಐವತ್ತು ಕಿಲೋಮೀಟರ್ ದೂರದಲ್ಲಿ ಲೂಟನ್ ಎಂಬ ಊರಿದೆ. ಟೋಪಿಗಳ ತಯಾರಿಕೆಗೆ ಹೆಸರಾದ ಊರು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ 1919ರ ಜುಲೈ 19ನೆಯ ದಿನವನ್ನು ಬ್ರಿಟನ್ನಿನಾದ್ಯಂತ ಶಾಂತಿಯ ದಿನವೆಂದು ಆಚರಿಸಬೇಕೆಂದು ಸರಕಾರ ಗೊತ್ತುಮಾಡಿತು. ಲೂಟನ್ನಿನ ಪುರಸಭೆಯವರೂ ಉತ್ಸವದ ಸಿದ್ಧತೆ ನಡೆಸಿದರು. ಮೆರವಣಿಗೆ ಇತ್ತು, ಮೇಯರ್ ಅವರ ಔತಣವೊಂದರ ಯೋಜನೆಯೂ ಇತ್ತು. ಔತಣಕ್ಕೆ ಕರೆ ಹೋದದ್ದು ಪುರಸಭೆಯ ಸದಸ್ಯರಿಗೆ ಮತ್ತು ಅವರ ಇಷ್ಟಮಿತ್ರರಿಗೆ. ಯುದ್ಧಭೂಮಿಯಿಂದ ಮರಳಿದ ಸಾಮಾನ್ಯ ಸೈನಿಕರಿಗೆ ಅಲ್ಲಿ ಎಡೆಯಿರಲಿಲ್ಲ.

ಇಷ್ಟೇ ಆಗಿದ್ದರೆ ಅವರು ಸಹಿಸಿಕೊಳ್ಳುತ್ತಿದ್ದರೋ ಏನೋ. ಆದರೆ ಸೈನಿಕರ ಸಂಘಗಳು ಪುರಸಭೆಯನ್ನು ಬೇರೊಂದು ವಿಷಯದಲ್ಲಿ ಬೇಡಿಕೊಂಡಿದ್ದವು. ಊರಿನ ಸಾರ್ವಜನಿಕ ಉದ್ಯಾನದಲ್ಲಿ, ಮಡಿದ ತಮ್ಮ ಜೊತೆಗಾರರಿಗಾಗಿ ಪ್ರಾರ್ಥನಾ ಸಭೆ ನಡೆಸಲು ಅಪ್ಪಣೆ ಬೇಕೆಂದು ಅವು ಕೇಳಿದವು. ಪುರಸಭೆ ಅದನ್ನು ನಿರಾಕರಿಸಿತು. ಸೈನಿಕರು ಉತ್ಸವವನ್ನು ಬಹಿಷ್ಕರಿಸಿದರು. ಮೆರವಣಿಗೆ ಹೋಗುವ ದಾರಿಯಲ್ಲಿ ಗಾಯಾಳುಗಳಾದ ಯೋಧರು ಸಾಲಾಗಿ ನಿಂತರು. ತಮಗೆ ಕನಿಕರ ಬೇಡ, ಕೆಲಸ ಬೇಕು ಎಂಬ ಅರ್ಥದ ಫಲಕವನ್ನು ಹಿಡಿದಿದ್ದರು.

ಪುರಭವನದ ಮೆಟ್ಟಿಲ ಮೇಲೆ ಮೇಯರ್ ಶಾಂತಿಯ ಘೋಷಣೆಯನ್ನು ಓದತೊಡಗಿದಾಗ ನೆರೆದವರು ಕೂಗಿ ಅವರ ಮಾತನ್ನು ಮುಳುಗಿಸಿಬಿಟ್ಟರು. ಗಣ್ಯರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಜನ ಬಾಗಿಲನ್ನು ಮುರಿದು ನುಗ್ಗಿದರು. ಆ ರಾತ್ರಿ ಪುರಭವನಕ್ಕೆ ಬೆಂಕಿ ಬಿತ್ತು. ಬೆಂಕಿ ಆರಿಸಲು ಬಂದವರನ್ನೂ ಗುಂಪು ಅಡ್ಡಗಟ್ಟಿತು. ಕಟ್ಟಡ ಉರಿಯುತ್ತಿರುವಾಗ ಅಂಗಡಿಯೊಂದರಿಂದ ಪಿಯಾನೋಗಳನ್ನು ಬೀದಿಗೆ ಎಳೆದು ತಂದು, ದೂರ ಹೋದವರು ಬರುವ ತನಕ ಮನೆಯ ಒಲೆ ಆರದಿರಲೆಂದು ಹಾರೈಸುವ ಯುದ್ಧಕಾಲದ ಹಾಡನ್ನು ಹಾಡಿದರಂತೆ. ಬೆಳಗಾಗುವ ವೇಳೆಗೆ ಗೋಡೆಗಳು ಮಾತ್ರ ಉಳಿದಿದ್ದವು. ಮೇಯರ್ ಊರು ಬಿಟ್ಟು ಹೋದರು. ಲೂಟನ್ನಿಗೆ ಹೊಸ ಪುರಭವನ ದೊರೆತದ್ದು 1936ರಲ್ಲಿ.

ಬೆಂಕಿ ಇಟ್ಟವರೆಲ್ಲರೂ ಸೈನಿಕರಾಗಿರಲಿಲ್ಲ. ಅಂಗಡಿಗಳನ್ನು ಸೂರೆ ಮಾಡಿದವರೂ ಆ ಗುಂಪಿನಲ್ಲಿದ್ದರು. ಆ ಕೃತ್ಯವನ್ನು ನಾನು ಸಮರ್ಥಿಸಲಾರೆ. ಆದರೂ ಅದರ ಮೂಲದಲ್ಲಿದ್ದ ನೋವನ್ನು ನಾವು ಸರಿಯಾಗಿ ತಿಳಿಯಬೇಕು. ಅದು ಊಟ ಸಿಗಲಿಲ್ಲವೆಂಬ ಕೊರಗು ಮಾತ್ರವಲ್ಲ. ಸತ್ತ ಜೊತೆಗಾರರನ್ನು ನೆನೆಯಲು ಕೇಳಿದ ಒಂದು ಉದ್ಯಾನದ ಜಾಗ ಅವರಿಗೆ ಸಿಕ್ಕಲಿಲ್ಲ. ನಮ್ಮ ಹವಾಲ್ದಾರರ ಜೇಬಿನಲ್ಲಿದ್ದ ಕಾಗದಕ್ಕೂ ಲೂಟನ್ನಿನ ಆ ಬೇಡಿಕೆಗೂ ಬಹಳ ಅಂತರವಿಲ್ಲವೆಂದು ನನಗೆ ತೋರುತ್ತದೆ. ಹಳೆಯ ಯೋಧನು ಸಭೆಗೆ ಒಬ್ಬನೇ ಬರುವುದಿಲ್ಲ. ಬಾರದೆ ಹೋದವರ ಪ್ರತಿನಿಧಿಯಾಗಿ ಬರುತ್ತಾನೆ. ಅವನನ್ನು ಹಿಂದಕ್ಕೆ ಸರಿಸಿದರೆ ಅವರನ್ನೂ ಸರಿಸಿದಂತಾಗುತ್ತದೆ.

ಆ ವರ್ಷಗಳಲ್ಲಿಯೇ ಇದನ್ನು ಚೆನ್ನಾಗಿ ಅರಿತಿದ್ದವರೂ ಇದ್ದರೆಂಬುದು ಸಮಾಧಾನದ ಸಂಗತಿ. ಲೂಟನ್ನಿನ ಗಲಭೆಗೆ ಐದು ದಿನ ಮೊದಲು, ಜುಲೈ 14ರಂದು, ಪ್ಯಾರಿಸ್ ನಗರದಲ್ಲಿ ವಿಜಯದ ಮೆರವಣಿಗೆ ನಡೆಯಿತು. ಅದರ ಮುಂಭಾಗದಲ್ಲಿ ಬಂದವರು ಮಂತ್ರಿಗಳಲ್ಲ, ಸೇನಾಪತಿಗಳೂ ಅಲ್ಲ. ಯುದ್ಧದಲ್ಲಿ ಕೈಕಾಲು ಕಳೆದುಕೊಂಡ, ಕಣ್ಣು ಕಳೆದುಕೊಂಡ ಒಂದು ಸಾವಿರ ಮಂದಿ ಯೋಧರು. ಕೆಲವರು ಊರುಗೋಲಿನ ಮೇಲೆ, ಕೆಲವರು ಗಾಲಿಕುರ್ಚಿಗಳಲ್ಲಿ, ಕೆಲವರು ಇನ್ನೊಬ್ಬರ ಕೈ ಹಿಡಿದು ಸಾಗಿದರು. ಜಾಫ್ರ್ ಮತ್ತು ಫಾಶ್ ಎಂಬ ಇಬ್ಬರು ಮಹಾದಂಡನಾಯಕರು ಕುದುರೆಯ ಮೇಲೆ ಬಂದದ್ದು ಅವರ ಹಿಂದೆ.

ಲಂಡನ್ನಿನಲ್ಲಿ 1920ರ ನವೆಂಬರ್ 11ರಂದು ಹೆಸರು ತಿಳಿಯದ ಒಬ್ಬ ಸೈನಿಕನ ದೇಹವನ್ನು ಫ್ರಾನ್ಸಿನಿಂದ ತಂದು, ರಾಜರ ಸಮಾಧಿಗಳಿರುವ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಹೂಳಿದರು. ಅಲ್ಲಿಯ ಆಸನಗಳು ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆ ಮಂತ್ರಿಮಂಡಲದ ಸಮಿತಿಯ ಮುಂದೆ ಬಂತು. ದೊಡ್ಡ ಮನೆತನಗಳ ಹೆಂಗಸರಿಗೆ, ಪದವೀಧರರ ಪತ್ನಿಯರಿಗೆ ಅವು ಸಲ್ಲತಕ್ಕವಲ್ಲವೆಂದೂ ಮಡಿದ ಸಾಮಾನ್ಯ ಸೈನಿಕರ ತಾಯಂದಿರಿಗೆ, ವಿಧವೆಯರಿಗೆ ಸಲ್ಲಬೇಕೆಂದೂ ನಿಶ್ಚಯವಾಯಿತು. ಗಂಡನನ್ನೂ ಗಂಡುಮಕ್ಕಳೆಲ್ಲರನ್ನೂ ಯುದ್ಧಕ್ಕೆ ಬಲಿಕೊಟ್ಟ ಸುಮಾರು ನೂರು ಹೆಂಗಸರಿಗೆ ವಿಶೇಷ ಸ್ಥಾನ ದೊರೆಯಿತು. ದೊರೆ ಐದನೆಯ ಜಾರ್ಜ್ ಶವಪೆಟ್ಟಿಗೆಯ ಹಿಂದೆ ಕಾಲ್ನಡಿಗೆಯಲ್ಲಿ ಬಂದನು. ಹಿಂದಿನ ವರ್ಷ ಲೂಟನ್ ಹೊತ್ತಿ ಉರಿದ ದೇಶವೇ ಇದು.

ಹಾಗಾದರೆ ಮತ್ತೆ ಮತ್ತೆ ತಪ್ಪುವುದೇಕೆ? ಎಲ್ಲ ಕಡೆಯೂ ದುರುದ್ದೇಶವಿರುತ್ತದೆಂದು ನಾನು ಹೇಳಲಾರೆ. ಸಮಾರಂಭಗಳಿಗೆ ಒಂದು ವ್ಯಾಕರಣವಿದೆ. ನಮ್ಮ ರಾಷ್ಟ್ರಪತಿಗಳ ಕಾರ್ಯಾಲಯ 1979ರ ಜುಲೈ 26ರಂದು ಹೊರಡಿಸಿದ, ಆಮೇಲೆ ತಿದ್ದುಪಡಿಗಳನ್ನು ಕಂಡ ಪ್ರಾಶಸ್ತ್ಯದ ಪಟ್ಟಿಯೊಂದು ಇದೆ. ಸರಕಾರಿ ಸಮಾರಂಭಗಳಲ್ಲಿ ಯಾರ ನಂತರ ಯಾರು ಎಂಬುದನ್ನು ಅದು ಹೇಳುತ್ತದೆ. ಅಂಥ ಪಟ್ಟಿ ಬೇಕಾದುದೇ. ಇಲ್ಲದಿದ್ದರೆ ಪ್ರತಿ ಸಭೆಯಲ್ಲಿಯೂ ಜಗಳವಾದೀತು. ಆದರೆ ಅದು ಹುದ್ದೆಗಳ ಪಟ್ಟಿ. ಹುದ್ದೆಯಿಂದ ಇಳಿದು ಮನೆ ಸೇರಿದ ಹವಾಲ್ದಾರನಿಗೆ ಅದರಲ್ಲಿ ಜಾಗವಿಲ್ಲ. ಸಣ್ಣ ಊರಿನ ಸಮಿತಿಗಳು ಆ ಪಟ್ಟಿಯನ್ನು ಕಂಡಿರುವುದಿಲ್ಲ, ಅದರ ಮನೋಧರ್ಮವನ್ನು ಮಾತ್ರ ಚಾಚೂ ತಪ್ಪದೆ ಅನುಸರಿಸುತ್ತವೆ. ಜೊತೆಗೆ ಅವುಗಳಿಗೆ ಸಭಾಂಗಣ ಬೇಕು, ಹಣ ಬೇಕು, ಪತ್ರಿಕೆಯಲ್ಲಿ ಚಿತ್ರ ಬರಬೇಕು. ಇವೆಲ್ಲ ಗಣ್ಯರಿಂದಲೇ ಬರಬೇಕು. ಇನ್ನು ಸೈನಿಕನೋ, ಅಪ್ಪಣೆಯನ್ನು ಪಾಲಿಸುವುದರಲ್ಲಿಯೇ ಆಯುಷ್ಯ ಕಳೆದವನು. ಏಳಿ ಎಂದರೆ ಏಳುತ್ತಾನೆ. ಅವನ ಶಿಸ್ತೇ ಅವನಿಗೆ ಶತ್ರುವಾಗುತ್ತದೆ.

ಗಣ್ಯರ ನೆರಳು ಎಷ್ಟು ದೊಡ್ಡದೆಂದರೆ, ಅವರು ಇಲ್ಲದಿರುವಾಗಲೂ ಅದು ಯೋಧರ ಮೇಲೆ ಬೀಳುತ್ತದೆ. 2024ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಎರಡನೆಯ ಮಹಾಯುದ್ಧದ ದೊಡ್ಡ ದಂಡಯಾತ್ರೆಯ ಎಂಬತ್ತನೆಯ ವರ್ಷದ ಆಚರಣೆ ನಡೆಯಿತು. ನೂರರ ಸಮೀಪಕ್ಕೆ ಬಂದಿದ್ದ ವೃದ್ಧ ಯೋಧರು ಅಲ್ಲಿಗೆ ಬಂದಿದ್ದರು. ಬ್ರಿಟನ್ನಿನ ಅಂದಿನ ಪ್ರಧಾನಿ ರಿಷಿ ಸುನಕ್ ಅವರು ತಮ್ಮ ದೇಶದ ಕಾರ್ಯಕ್ರಮವನ್ನು ಮುಗಿಸಿಕೊಂಡು, ಅಂತರರಾಷ್ಟ್ರೀಯ ಸಭೆಗೆ ನಿಲ್ಲದೆ ಹಿಂದಿರುಗಿದರು. ಮರುದಿನ ಕ್ಷಮೆ ಕೇಳಿದರು. ತಪ್ಪನ್ನು ಒಪ್ಪಿಕೊಂಡದ್ದು ಸರಿಯೇ. ಆದರೆ ಅಲ್ಲಿಂದ ಮುಂದೆ ಕೆಲವು ದಿನ ಬ್ರಿಟನ್ನಿನ ಪತ್ರಿಕೆಗಳ ತುಂಬ ಪ್ರಧಾನಿಯ ವಿಷಯವೇ ಆಯಿತು, ಮುದುಕರು ಮರೆಗೆ ಸರಿದರು.

ನಮ್ಮ ಮೈಸೂರಿಗೆ ಸಂಬಂಧಿಸಿದ ಒಂದು ಉದಾಹರಣೆಯನ್ನೂ ಹೇಳಬಹುದು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ತುರ್ಕಿಗಳಿಂದ ಗೆದ್ದವರಲ್ಲಿ ಜೋಧಪುರದ ಸವಾರರೊಡನೆ ಮೈಸೂರು ಲ್ಯಾನ್ಸರ್ಸ್ ದಳದವರೂ ಇದ್ದರು. ಜೋಧಪುರ, ಮೈಸೂರು, ಹೈದರಾಬಾದುಗಳ ಅಶ್ವದಳಗಳ ನೆನಪಿಗಾಗಿ ದೆಹಲಿಯಲ್ಲಿ ಮೂರು ಯೋಧರ ಮೂರ್ತಿಗಳನ್ನು ನಿಲ್ಲಿಸಿದರು. ಅವುಗಳ ಎದುರಿನ ಬಂಗಲೆಗೆ ತೀನ್ ಮೂರ್ತಿ ಭವನವೆಂಬ ಹೆಸರು ಬಂದದ್ದು ಆ ಯೋಧರಿಂದ. ಅಲ್ಲಿ ಜವಾಹರಲಾಲ್ ನೆಹರೂ ಅವರು ವಾಸವಾಗಿದ್ದರು. ತೀನ್ ಮೂರ್ತಿ ಎಂದೊಡನೆ ನಮಗೆ ನೆನಪಾಗುವುದು ಪ್ರಧಾನಿಯ ಮನೆ. ಆ ಮೂರು ಮೂರ್ತಿಗಳು ಯಾರವೆಂದು ಕೇಳಿದರೆ ವಿದ್ಯಾವಂತರೂ ತಡವರಿಸುತ್ತಾರೆ. ಇದರಲ್ಲಿ ನೆಹರೂ ಅವರ ದೋಷವೇನೂ ಇಲ್ಲ. ನಮ್ಮ ನೆನಪು ಸದಾ ಎತ್ತರದ ಕುರ್ಚಿಯ ಕಡೆಗೆ ವಾಲುತ್ತದೆ, ಅಷ್ಟೆ. 2018ರ ಜನವರಿಯಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನು ಸೇರಿಸಿದ್ದು ಒಳ್ಳೆಯದಾಯಿತು.

ಈ ವಿಷಯದಲ್ಲಿ ನಮ್ಮ ಪೂರ್ವಿಕರು ನಮಗಿಂತ ವಿವೇಕಿಗಳಾಗಿದ್ದರೆಂದು ನನಗನ್ನಿಸುತ್ತದೆ. ಕನ್ನಡ ನಾಡಿನ ಊರೂರಿನಲ್ಲಿ ವೀರಗಲ್ಲುಗಳಿವೆ. ಸಾಮಾನ್ಯವಾಗಿ ಅವುಗಳಲ್ಲಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ, ಶಿವಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ. ಶಾಸನದ ಮೊದಲಲ್ಲಿ ಅರಸನ ಬಿರುದಾವಳಿ ಇರುವುದುಂಟು. ಆದರೆ ಅರಸನಿಗೆ ಸಂದದ್ದು ಅಕ್ಷರ; ಮೇಲಿನ ಪಟ್ಟಿಕೆಯ ಆಸನ ಸತ್ತವನದು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ನೋಡಿ. ಕ್ರಿ.ಶ. 949-50ರ ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ, ಗಂಗರ ಬೂತುಗ, ತಕ್ಕೋಲದ ಮಹಾಯುದ್ಧ, ಎಲ್ಲವೂ ಅದರ ಬರಹದಲ್ಲಿದೆ. ಕೆತ್ತಿದ ಚಿತ್ರ ಮಾತ್ರ ಒಂದು ನಾಯಿಯದು. ಒಡೆಯನು ಮೆಚ್ಚಿ ಬೇಡಿಕೊಳ್ಳೆಂದಾಗ ಮಣಲೇರನೆಂಬ ವೀರನು ಕೇಳಿ ಪಡೆದ ಕಾಳಿ ಎಂಬ ನಾಯಿ, ಹಂದಿಯೊಡನೆ ಹೋರಾಡಿ ತಾನೂ ಸತ್ತಿತು. ಕಲ್ಲಿನ ಮೇಲೆ ಚಕ್ರವರ್ತಿಯ ಚಿತ್ರವಿಲ್ಲ. ಹೋರಾಡಿದ ನಾಯಿಯ ಚಿತ್ರವಿದೆ.

ಹಳಗನ್ನಡದಲ್ಲಿ ಜೋಳವಾಳಿ ಎಂಬ ಮಾತಿದೆ. ಒಡೆಯನ ಅನ್ನ ಉಂಡ ಬಂಟನು ತೀರಿಸಬೇಕಾದ ಋಣ ಅದು. ಶಾಸನಗಳಲ್ಲಿ ನೆತ್ತರುಗೊಡಗೆ ಎಂಬ ಇನ್ನೊಂದು ಮಾತು ಬರುತ್ತದೆ. ಕಾದಿ ಮಡಿದವನ ಮನೆಯವರಿಗೆ ಕೊಟ್ಟ ಭೂಮಿ ಅದು. ಅಂದರೆ ಒಡೆಯನು ತೀರಿಸಬೇಕಾದ ಋಣ. ಋಣವು ಎರಡೂ ಕಡೆ ಇದೆಯೆಂದು ಆ ಕಾಲದ ಭಾಷೆಗೆ ಗೊತ್ತಿತ್ತು.

ಗಣ್ಯರು ಇಂಥ ಸಭೆಗಳಿಗೆ ಬರಬಾರದೆಂದು ನನ್ನ ವಾದವಲ್ಲ. ಬರಲೇಬೇಕು. ಸೈನಿಕನನ್ನು ಯುದ್ಧಕ್ಕೆ ಕಳುಹಿಸಿದ್ದು ರಾಜ್ಯ. ರಾಜ್ಯದ ಪರವಾಗಿ ತಲೆಬಾಗಲು ಅದರ ಪ್ರತಿನಿಧಿಗಳು ಬರತಕ್ಕದ್ದೇ ಧರ್ಮ. ಆದರೆ ಅವರು ಬರಬೇಕಾದುದು ಅತಿಥಿಗಳಾಗಿ ಅಲ್ಲ, ಋಣಿಗಳಾಗಿ. ಋಣಿಯಾದವನು ಸನ್ಮಾನವನ್ನು ನಿರೀಕ್ಷಿಸುವುದಿಲ್ಲ, ಕಾಯಿಸುವುದಿಲ್ಲ, ತಾನೇ ಹೆಚ್ಚು ಮಾತನಾಡುವುದಿಲ್ಲ.

ಆದುದರಿಂದ ನನ್ನದೊಂದು ಸಣ್ಣ ಸೂಚನೆ. ಇಂಥ ಸಭೆಗಳನ್ನು ನಡೆಸುವವರು ಸ್ವಾಗತ ಭಾಷಣಕ್ಕಿಂತ ಮೊದಲು, ದೀಪ ಬೆಳಗುವುದಕ್ಕಿಂತಲೂ ಮೊದಲು, ಬಂದಿರುವ ಹಳೆಯ ಯೋಧರನ್ನು ಒಬ್ಬೊಬ್ಬರಾಗಿ ಕರೆದು, ಅವರವರ ಜೊತೆಗಾರರ ಹೆಸರುಗಳನ್ನು ಅವರಿಂದಲೇ ಓದಿಸಲಿ. ಒಬ್ಬೊಬ್ಬರಿಗೆ ಎರಡು ನಿಮಿಷ ಸಾಕು. ಮುಖ್ಯ ಅತಿಥಿಗಳು ತಡವಾದರೆ ಆ ಹೊತ್ತಿನಲ್ಲಿಯೇ ಇದು ನಡೆದುಹೋಗುತ್ತದೆ. ಅವರಿಗಾಗಿ ಕಾಯಬೇಕಾದುದೂ ಇಲ್ಲ.

ನಮ್ಮ ಹವಾಲ್ದಾರರು ಈಗಲೂ ಪ್ರತಿ ಡಿಸೆಂಬರಿನಲ್ಲಿ ಅದೇ ಕೋಟನ್ನು ಇಸ್ತ್ರಿ ಮಾಡಿಸುತ್ತಾರೆ. ಇಸ್ತ್ರಿಯವನಿಗೆ ಕೊಡುವ ಮೊದಲು ಒಳಜೇಬಿನ ಕಾಗದವನ್ನು ತೆಗೆದಿಟ್ಟುಕೊಂಡು, ಕೋಟು ಬಂದ ಮೇಲೆ ಮತ್ತೆ ಅಲ್ಲಿಯೇ ಇಡುತ್ತಾರೆ.