ಹಾಡಿನಲ್ಲಿ ಉಳಿದ ಮಾಲಿ ಸಾಮ್ರಾಜ್ಯ

ವಂಶಾವಳಿ ಹೇಳುವ ನಮ್ಮ ಹೆಳವರನ್ನು ನೀವು ಬಲ್ಲಿರಿ. ಪಶ್ಚಿಮ ಆಫ್ರಿಕದಲ್ಲಿ ಆ ಕೆಲಸ ‘ಜೆಲಿ’ಗಳದು. ಅರಸರ ಚರಿತ್ರೆಯನ್ನು ತಲೆಮಾರುಗಳಿಂದ ಬಾಯಿಪಾಠವಾಗಿ ಹಾಡುತ್ತ ಬಂದವರು ಅವರು. ನಡೆಯಲಾರದ ಕೂಸಾಗಿದ್ದ ಸುಂಡಿಯಾಟ ಬೆಳೆದು, ದೇಶಭ್ರಷ್ಟನಾಗಿ ಅಲೆದು, ಸುಮಾರು 1235ರಲ್ಲಿ ಸೊಸ್ಸೊ ದೊರೆಯನ್ನು ಸೋಲಿಸಿ ಮಾಲಿ ಸಾಮ್ರಾಜ್ಯ ಕಟ್ಟಿದನೆಂದು ಅವರ ಹಾಡು.

ಬರಿಯ ಕಟ್ಟುಕಥೆ ಎನ್ನುವಿರಾ? 14ನೆಯ ಶತಮಾನದ ಅರಬ್ಬೀ ಇತಿಹಾಸಕಾರ ಇಬ್ನ್ ಖಲ್ದೂನನೂ ಸೊಸ್ಸೊಗಳನ್ನು ಗೆದ್ದ ಮಾಲಿಯ ಅರಸನನ್ನು ಹೆಸರಿಸಿದ್ದಾನೆ: ಮಾರಿ ಜಾಟ. ಅದು ಸುಂಡಿಯಾಟನದೇ ಇನ್ನೊಂದು ಹೆಸರು. ಆ ಕೂಸು ಕಬ್ಬಿಣದ ಕೋಲನ್ನು ಬಿಲ್ಲಿನಂತೆ ಬಗ್ಗಿಸಿ ಎದ್ದು ನಿಂತಿತೆಂಬುದನ್ನು ಮಾತ್ರ ಹಾಡಿಗೇ ಬಿಡೋಣ!

ಅದೇ ಮನೆತನದ ಮೂಸಾ 1324ರಲ್ಲಿ ಮೆಕ್ಕಾ ಯಾತ್ರೆಗೆ ಹೊರಟು, ಕೈರೋದಲ್ಲಿ ಹಂಚಿದ ಚಿನ್ನದಿಂದ ಅಲ್ಲಿ ಚಿನ್ನದ ಬೆಲೆಯೇ ಇಳಿಯಿತು. ಹೊರಗಿನವರು ಆತನನ್ನು ಕೊಂಡಾಡಿ ಬರೆದರು. ಜೆಲಿಗಳಾದರೋ ಆತನ ಮಾತನ್ನು ಅಷ್ಟಾಗಿ ಎತ್ತುವುದಿಲ್ಲ. ಅವರ ದೊಡ್ಡ ಹಾಡು ಇಂದಿಗೂ ಸುಂಡಿಯಾಟನದೇ.