ಗರಿಯ ಅಂದದ ಹಿಂದೆ ಗಣಿತ

‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬುದು ನಮ್ಮ ಹಿರಿಯರ ಗಾದೆ. ಬಹುಮಟ್ಟಿಗೆ ಇದು ನಿಜವೂ ಹೌದು. ಆದರೆ ಈ ಗಾದೆಯನ್ನೇ ನಂಬಿ ‘ನೀಲಿ ಆಂಡಲೂಷಿಯನ್’ ಎಂಬ ಕೋಳಿಯನ್ನು ಸಾಕಲು ಹೊರಟವರು ಕಂಗಾಲಾಗುತ್ತಾರೆ. ಬೂದಿಮಿಶ್ರಿತ ನೀಲಿ ಬಣ್ಣದ ಚೆಲುವಾದ ಕೋಳಿ ಇದು. ನೀಲಿ ಹುಂಜಕ್ಕೆ ನೀಲಿ ಹೇಂಟೆಯನ್ನೇ ಜೊತೆಗೂಡಿಸಿ, ಮೊಟ್ಟೆಗಳನ್ನು ಕಾವಿಗಿಟ್ಟು, 21 ದಿನ ಕಾದು ನೋಡಿದರೆ ಮರಿಗಳಲ್ಲಿ ಅರ್ಧದಷ್ಟು ಮಾತ್ರ ನೀಲಿ. ಕಾಲು ಭಾಗ ಅಪ್ಪಟ ಕಪ್ಪು. ಇನ್ನುಳಿದ ಕಾಲು ಭಾಗ ಬಿಳಿಯ ಮೇಲೆ ಅಲ್ಲಲ್ಲಿ ಶಾಯಿ ಚಿಮುಕಿಸಿದಂಥವು!

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಈ ಕೋಳಿಯನ್ನು ಪ್ರದರ್ಶನಕ್ಕಾಗಿ ಸಾಕುತ್ತಿದ್ದವರು ತಮ್ಮ ಹಿಂಡಿನಲ್ಲಿ ಎಲ್ಲಿಯೋ ಬೆರಕೆಯಾಗಿದೆ ಎಂದೇ ತಿಳಿದಿದ್ದರು. ಕಪ್ಪು ಮರಿಗಳನ್ನೂ ಚುಕ್ಕೆಯ ಮರಿಗಳನ್ನೂ ಪ್ರತಿವರ್ಷ ಬೇರ್ಪಡಿಸಿ, ನೀಲಿಯನ್ನಷ್ಟೇ ಉಳಿಸಿಕೊಂಡು ಮುಂದುವರಿಸಿದರು. ಹೀಗೆ ಎಷ್ಟು ತಲೆಮಾರು ಆರಿಸಿದರೂ ಫಲಿತಾಂಶ ಮಾತ್ರ ಅದೇ. ಇದರ ಒಗಟನ್ನು ಬಿಡಿಸಿದವರು ಕೇಂಬ್ರಿಜ್‌ನ ವಿಲಿಯಂ ಬೇಟ್ಸನ್ ಮತ್ತು ರೆಜಿನಾಲ್ಡ್ ಪುನ್ನೆಟ್. ಕಾಲ ಇಪ್ಪತ್ತನೆಯ ಶತಮಾನದ ಮೊದಲ ದಶಕ.

ಪುನ್ನೆಟ್ ಎಂಬ ಹೆಸರು ವಿದ್ಯಾರ್ಥಿಗಳಿಗೆ ಪರಿಚಿತವಾದದ್ದೇ. ಮೆಂಡೆಲನ ಬಟಾಣಿ ಗಿಡಗಳ ಲೆಕ್ಕ ಬಿಡಿಸುವಾಗ ನಾವು ಬರೆಯುವ ಚೌಕಕ್ಕೆ ಅವರದೇ ಹೆಸರು. ಮೆಂಡೆಲನ ನಿಯಮಗಳು ಗಿಡಗಳಿಗಷ್ಟೇ ಅಲ್ಲ, ಪ್ರಾಣಿಗಳಿಗೂ ಅನ್ವಯಿಸುತ್ತವೆ ಎಂದು 1902ರಲ್ಲಿ ಬೇಟ್ಸನ್ ತೋರಿಸಿದ್ದೂ ಕೋಳಿಗಳ ಮೇಲಿನ ಪ್ರಯೋಗದಿಂದಲೇ. ಬಟಾಣಿ ಗಿಡದಷ್ಟೇ ಗೌರವದ ಸ್ಥಾನ ತಳಿವಿಜ್ಞಾನದ ಚರಿತ್ರೆಯಲ್ಲಿ ಕೋಳಿಗೂ ಇದೆ.

ನೀಲಿಯ ಗುಟ್ಟು

ಪ್ರತಿಯೊಂದು ಗುಣಕ್ಕೂ ಮರಿಯು ತಾಯಿಯಿಂದ ಒಂದು, ತಂದೆಯಿಂದ ಒಂದು ಹೀಗೆ ಎರಡು ವಂಶವಾಹಿಗಳನ್ನು ಪಡೆಯುತ್ತದೆ. ಬಟಾಣಿಯಲ್ಲಿ ಎತ್ತರದ ಗುಣ ಪ್ರಬಲ. ಅದು ಗಿಡ್ಡ ಗುಣವನ್ನು ಪೂರ್ತಿ ಮರೆಮಾಡುತ್ತದೆ. ಆಂಡಲೂಷಿಯನ್ ಕೋಳಿಯ ಬಣ್ಣದಲ್ಲಿ ಹಾಗಲ್ಲ. ಬಣ್ಣವನ್ನು ತೆಳುವಾಗಿಸುವ ವಂಶವಾಹಿ ಒಂದೂ ಇಲ್ಲದಿದ್ದರೆ ಕೋಳಿ ಕಪ್ಪು. ಒಂದು ಇದ್ದರೆ ನೀಲಿ. ಎರಡೂ ಅದೇ ಆದರೆ ಚುಕ್ಕೆಯ ಬಿಳಿ. ಇದಕ್ಕೆ ಅಪೂರ್ಣ ಪ್ರಾಬಲ್ಯ ಎಂದು ಹೆಸರು. ನೀಲಿ ಎಂಬುದು ಒಂದೊಂದರ ಬೆರಕೆಯಿಂದಲೇ ಹುಟ್ಟುವ ಬಣ್ಣವಾದ್ದರಿಂದ ಅಪ್ಪಟ ನೀಲಿಯ ಹಿಂಡು ಎಂಬುದು ಇರಲು ಸಾಧ್ಯವೇ ಇಲ್ಲ. ನೀಲಿಗೆ ನೀಲಿ ಕೂಡಿದರೆ 1:2:1ರ ಲೆಕ್ಕ ಬಂದೇ ಬರುತ್ತದೆ.

ಇದರಲ್ಲೊಂದು ಸ್ವಾರಸ್ಯವಿದೆ. ಎಲ್ಲ ಮರಿಗಳೂ ನೀಲಿಯಾಗಿಯೇ ಹುಟ್ಟಬೇಕೆಂದರೆ ಏನು ಮಾಡಬೇಕು? ಕಪ್ಪು ಕೋಳಿಗೆ ಚುಕ್ಕೆಯ ಬಿಳಿ ಕೋಳಿಯನ್ನು ಜೊತೆ ಮಾಡಬೇಕು! ಯಾವುದನ್ನು ಬೆರಕೆ ಎಂದು ಬೇರ್ಪಡಿಸುತ್ತಿದ್ದರೋ ಅವೆರಡರಲ್ಲೇ ಬೇಕಾದ ಫಲ ಅಡಗಿತ್ತು. ಕಣ್ಣಿಗೆ ಕಾಣುವ ರೂಪ ಒಂದು, ಒಳಗಿರುವ ವಂಶವಾಹಿಯೇ ಇನ್ನೊಂದು ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಕಾಡಿನಿಂದ ಪ್ರದರ್ಶನಕ್ಕೆ

ಸಾಕುಕೋಳಿಯ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಡಾರ್ವಿನ್ ಕೂಡ ಹೀಗೆಯೇ ತೀರ್ಮಾನಿಸಿದ್ದ. 2020ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನವೊಂದು ನೈಋತ್ಯ ಚೀನಾ, ಉತ್ತರ ಥಾಯ್ಲೆಂಡ್ ಮತ್ತು ಮ್ಯಾನ್ಮಾರ್ ಭಾಗದ ಕೆಂಪು ಕಾಡುಕೋಳಿಯ ಉಪಜಾತಿಯೊಂದನ್ನು ಸಾಕುಕೋಳಿಯ ಹತ್ತಿರದ ಪೂರ್ವಜ ಎಂದು ಗುರುತಿಸಿತು. ನಮ್ಮ ನಾಡಿಗೂ ಇದರಲ್ಲೊಂದು ಪಾಲಿದೆ. ಕೆಂಪು ಕಾಡುಕೋಳಿಗೆ ಹಳದಿ ಚರ್ಮವಿಲ್ಲ. ಹಾಗಾದರೆ ಅನೇಕ ಸಾಕುಕೋಳಿಗಳ ಹಳದಿ ಚರ್ಮ, ಹಳದಿ ಕಾಲು ಎಲ್ಲಿಂದ ಬಂತು? ಅದು ಬೂದು ಕಾಡುಕೋಳಿಯ ಕೊಡುಗೆ ಎಂದು 2008ರಲ್ಲಿ ತಿಳಿಯಿತು. ಬಂಡೀಪುರ, ನಾಗರಹೊಳೆ ಹಾಗೂ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಇಂದಿಗೂ ಕೂಗುವುದು ಇದೇ ಬೂದು ಕಾಡುಕೋಳಿ.

ಕೋಳಿಯನ್ನು ಮೊಟ್ಟೆ, ಮಾಂಸಗಳಿಗಲ್ಲದೆ ಬರಿಯ ಅಂದಕ್ಕಾಗಿ ಸಾಕುವ ಹವ್ಯಾಸ ಚೀನಾ, ಜಪಾನ್‌ಗಳಲ್ಲಿ ಹಳೆಯದು. ಬ್ರಿಟನ್ನಿನಲ್ಲಿ ಇದು ಹುಚ್ಚಿನ ಮಟ್ಟಕ್ಕೇರಿದ್ದು 1840ರ ದಶಕದ ನಂತರ. ಅಲ್ಲಿ 1835ರಲ್ಲಿ ಕೋಳಿ ಕಾಳಗವನ್ನು ಕಾನೂನು ನಿಷೇಧಿಸಿತ್ತು. ಚೀನಾದಿಂದ ಬಂದ, ಕಾಲಿನ ಬೆರಳಿನವರೆಗೂ ಗರಿ ತುಂಬಿದ ದೊಡ್ಡ ಗಾತ್ರದ ಕೊಚಿನ್ ಕೋಳಿಗಳನ್ನು ವಿಕ್ಟೋರಿಯಾ ರಾಣಿ ಸಾಕಿದ್ದೇ ತಡ, ಎಲ್ಲರಿಗೂ ಅಂಥ ಕೋಳಿ ಬೇಕಾಯಿತು. ಕಾಳಗದ ಬದಲು ಪ್ರದರ್ಶನಗಳು ನಡೆಯತೊಡಗಿದವು. ಗರಿಯ ಬಣ್ಣ, ಬಾಲದ ಕೋನ, ಕಾಲ್ಬೆರಳುಗಳ ಸಂಖ್ಯೆ ಎಲ್ಲಕ್ಕೂ ಅಂಕ ಬಿತ್ತು. ಯಾವ ತಳಿ ಹೇಗಿರಬೇಕೆಂಬ ನಿಯಮಗಳ ಪುಸ್ತಕ ಬ್ರಿಟನ್ನಿನಲ್ಲಿ 1865ರಲ್ಲೂ ಅಮೆರಿಕದಲ್ಲಿ 1874ರಲ್ಲೂ ಹೊರಬಂತು.

ಕೊಕ್ಕೆಯಿಲ್ಲದ ಗರಿ

ಅಲಂಕಾರದ ಕೋಳಿಗಳ ವೈಚಿತ್ರ್ಯ ತಿಳಿಯಬೇಕಾದರೆ ಮೊದಲು ಸಾಮಾನ್ಯ ಗರಿಯನ್ನು ನೋಡಬೇಕು. ಅಂಗಳದಲ್ಲಿ ಬಿದ್ದ ಒಂದು ರೆಕ್ಕೆಯ ಗರಿಯನ್ನು ಎತ್ತಿಕೊಳ್ಳಿ. ನಡುವೆ ದಂಟು. ಅದರ ಎರಡೂ ಕಡೆ ಎಳೆಗಳು. ಪ್ರತಿ ಎಳೆಯಿಂದಲೂ ಇನ್ನೂ ಸಣ್ಣ ಎಳೆಗಳು ಹೊರಟಿರುತ್ತವೆ; ಅವುಗಳಲ್ಲಿ ಸೂಕ್ಷ್ಮವಾದ ಕೊಕ್ಕೆಗಳಿರುತ್ತವೆ. ಎಳೆಗಳನ್ನು ಬೆರಳಿನಿಂದ ಬಿಡಿಸಿ, ಮತ್ತೆ ಬುಡದಿಂದ ತುದಿಗೆ ನೇವರಿಸಿರಿ. ಚೀಲದ ಜಿಪ್ ಎಳೆದಂತೆ ಅವು ಮತ್ತೆ ಕೂಡಿಕೊಳ್ಳುತ್ತವೆ. ಗಾಳಿ, ಮಳೆಗಳನ್ನು ತಡೆಯುವ ಗರಿಯ ಶಕ್ತಿ ಇರುವುದು ಈ ಕೊಕ್ಕೆಗಳಲ್ಲಿ.

‘ಸಿಲ್ಕಿ’ ಎಂಬ ತಳಿಯ ಕೋಳಿಯಲ್ಲಿ ಈ ಕೊಕ್ಕೆಗಳು ಸರಿಯಾಗಿ ರೂಪುಗೊಳ್ಳುವುದಿಲ್ಲ. ಎಳೆಗಳು ಬಿಡಿಬಿಡಿಯಾಗಿ ರೇಷ್ಮೆಯಂತೆ, ಬೆಕ್ಕಿನ ಕೂದಲಿನಂತೆ ಕಾಣುತ್ತವೆ. ಹದಿಮೂರನೆಯ ಶತಮಾನದಲ್ಲಿ ಚೀನಾಕ್ಕೆ ಹೋಗಿದ್ದ ಮಾರ್ಕೊ ಪೋಲೊ ಇಂಥ ಕೂದಲಿನ ಕೋಳಿಗಳನ್ನು ಪ್ರಸ್ತಾಪಿಸಿದ್ದಾನೆ. ಇದರ ಚರ್ಮ ಕಪ್ಪು, ಕಾಲಿಗೆ ನಾಲ್ಕರ ಬದಲು ಐದು ಬೆರಳು. ಕಪ್ಪು ಚರ್ಮಕ್ಕೆ ಕಾರಣವಾದ ವಂಶವಾಹಿ ಬದಲಾವಣೆಯೇ ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥ್ ಕೋಳಿಯಲ್ಲೂ ಇದೆ.

ರೇಷ್ಮೆ ಗರಿ ದುರ್ಬಲ ಗುಣ. ಸಿಲ್ಕಿಗೆ ಸಾಮಾನ್ಯ ಕೋಳಿಯನ್ನು ಕೂಡಿಸಿದರೆ ಮೊದಲ ತಲೆಮಾರಿನಲ್ಲಿ ಒಂದೂ ರೇಷ್ಮೆ ಗರಿಯ ಮರಿ ಹುಟ್ಟದು. ಆ ಮರಿಗಳು ಬೆಳೆದು ಪರಸ್ಪರ ಕೂಡಿದಾಗ ನಾಲ್ಕಕ್ಕೊಂದರಂತೆ ಅಜ್ಜಿಯ ಗರಿ ಮೊಮ್ಮಗಳಿಗೆ ಬರುತ್ತದೆ. ಮನೆಯಲ್ಲಿ ಯಾರಿಗೂ ಇಲ್ಲದ ಲಕ್ಷಣ ಮಗುವಿಗೆ ಬಂದಾಗ ‘ಅಜ್ಜನ ಪಡಿಯಚ್ಚು’ ಎನ್ನುತ್ತೇವಲ್ಲ, ಅಂಥದೇ ಕಥೆ. ಅಂದವೇನೋ ಅಂದವೇ. ಆದರೆ ಸಿಲ್ಕಿ ಹಾರಲಾರದು; ಮಳೆಯಲ್ಲಿ ತೊಯ್ದು ತೊಪ್ಪೆಯಾಗುತ್ತದೆ. ಅದಕ್ಕೆ ಒಣ ಗೂಡು ಬೇಕೇ ಬೇಕು.

ಒಂದಾದರೆ ಅಂದ, ಎರಡಾದರೆ ಸಂಕಟ

ಗರಿಗಳು ಮೈಗೆ ಅಂಟಿಕೊಳ್ಳದೆ ಹೊರಕ್ಕೆ, ತಲೆಯ ಕಡೆಗೆ ಸುರುಳಿಯಾಗಿ ಬಾಗಿರುವ ಕೋಳಿಗೆ ‘ಫ್ರಿಜಲ್’ ಎನ್ನುತ್ತಾರೆ. ಗರಿಯ ದಂಟಿನ ಕೆರಾಟಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ಒಂದು ಸಣ್ಣ ತುಣುಕು ಬಿಟ್ಟುಹೋಗಿರುವುದೇ ಇದಕ್ಕೆ ಕಾರಣವೆಂದು 2012ರಲ್ಲಿ ಗೊತ್ತಾಯಿತು. ಇಂಥ ವಂಶವಾಹಿ ಒಂದಿದ್ದರೆ ಕೋಳಿ ಸೇವಂತಿಗೆ ಹೂವಿನಂತೆ ಸುಂದರ. ‘ಒಂದಕ್ಕೇ ಇಷ್ಟು ಅಂದವಾದರೆ ಎರಡಿದ್ದರೆ ಇನ್ನೆಷ್ಟು!’ ಎಂದು ಫ್ರಿಜಲ್‌ಗೆ ಫ್ರಿಜಲನ್ನೇ ಕೂಡಿಸಿದರೆ ಆಗುವುದೇ ಬೇರೆ. ನಾಲ್ಕರಲ್ಲಿ ಒಂದು ಮರಿಗೆ ಎರಡೂ ವಂಶವಾಹಿಗಳು ಬರುತ್ತವೆ. ಅದರ ಗರಿಗಳು ತಂತಿಯಂತೆ ಸಪೂರ, ಮುಟ್ಟಿದರೆ ಮುರಿಯುತ್ತವೆ. ಮೈ ಅಲ್ಲಲ್ಲಿ ಬತ್ತಲಾಗುತ್ತದೆ. ಅಮೆರಿಕದಲ್ಲಿ 1930ರ ಸುಮಾರಿಗೆ ವಾಲ್ಟರ್ ಲ್ಯಾಂಡವರ್ ಮತ್ತು ಸಂಗಡಿಗರು ಇಂಥ ಕೋಳಿಗಳನ್ನು ಅಭ್ಯಸಿಸಿದರು. ಮೈಯ ಶಾಖ ಸೋರಿಹೋಗುವುದರಿಂದ ಅವು ಹೆಚ್ಚು ತಿನ್ನಬೇಕು. ಹೃದಯವೂ ಹೆಚ್ಚು ದುಡಿದು ಹಿಗ್ಗುತ್ತದೆ.

ಆದ್ದರಿಂದ ತಿಳಿದವರು ಫ್ರಿಜಲ್‌ಗೆ ಸಾಮಾನ್ಯ ಗರಿಯ ಕೋಳಿಯನ್ನೇ ಜೊತೆ ಮಾಡುತ್ತಾರೆ. ಮರಿಗಳಲ್ಲಿ ಅರ್ಧ ಫ್ರಿಜಲ್, ಅರ್ಧ ಸಾಮಾನ್ಯ. ಬತ್ತಲೆ ಮರಿ ಒಂದೂ ಇಲ್ಲ. ದುರಾಸೆ ಬಿಟ್ಟು ಅರ್ಧಕ್ಕೆ ತೃಪ್ತರಾದರೆ ಹಕ್ಕಿಗೂ ಸುಖ, ಸಾಕಿದವರಿಗೂ ಸುಖ.

ಚಳಿನಾಡಿನಲ್ಲಿ ಬರಿಯ ಅಲಂಕಾರವಾದದ್ದು ಸೆಕೆಯ ನಾಡಿನಲ್ಲಿ ಉಪಯೋಗಕ್ಕೂ ಬಂದೀತು. ಶಾಖ ಸುಲಭವಾಗಿ ಹೊರಹೋಗುವುದು ನಮ್ಮ ಬೇಸಗೆಯಲ್ಲಿ ಅನುಕೂಲವೇ. ಬರೇಲಿ ಬಳಿಯ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಹಿತ್ತಿಲಲ್ಲಿ ಸಾಕಲು ರೂಪಿಸಿದ ಕೋಳಿಗಳಲ್ಲಿ ‘ಉಪಕಾರಿ’ ಎಂಬುದಕ್ಕೆ ಫ್ರಿಜಲ್ ಗುಣವನ್ನೂ, ‘ಹಿತಕಾರಿ’ ಎಂಬುದಕ್ಕೆ ಬೋಳು ಕುತ್ತಿಗೆಯ ಗುಣವನ್ನೂ ಸೇರಿಸಿದೆ. ಬೋಳು ಕುತ್ತಿಗೆಯ ವಂಶವಾಹಿ ಒಂದಿದ್ದರೆ ಗರಿಯ ಒಟ್ಟು ಪ್ರಮಾಣ ಶೇ. 20ರಿಂದ 30ರಷ್ಟೂ, ಎರಡಿದ್ದರೆ ಸುಮಾರು ಶೇ. 40ರಷ್ಟೂ ಕಡಿಮೆಯಾಗುತ್ತದೆ. ಒಂದೇ ಇದ್ದಾಗ ಬೋಳು ಕುತ್ತಿಗೆಯ ಮುಂಭಾಗದಲ್ಲಿ ಗರಿಯ ಒಂದು ಕುಚ್ಚು ಉಳಿದಿರುತ್ತದೆ. ಕುಚ್ಚು ನೋಡಿಯೇ ಒಳಗಿನ ಲೆಕ್ಕ ಹೇಳಬಹುದು!

ಹೇಂಟೆಯ ಗರಿ ತೊಟ್ಟ ಹುಂಜ

ಇಂಗ್ಲೆಂಡಿನ ಸರ್ ಜಾನ್ ಸೆಬ್ರೈಟ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹಲವು ವರ್ಷ ಪಟ್ಟುಹಿಡಿದು ಒಂದು ಪುಟ್ಟ ತಳಿಯನ್ನು ರೂಪಿಸಿದ. ಅದರ ಚಿನ್ನದ ಅಥವಾ ಬೆಳ್ಳಿಯ ಬಣ್ಣದ ಪ್ರತಿಯೊಂದು ಗರಿಗೂ ಸೀರೆಗೆ ಅಂಚು ಕಟ್ಟಿದಂತೆ ಕಪ್ಪು ಅಂಚು. ಇದರ ಹುಂಜಕ್ಕೆ ಬಾಗಿದ ಉದ್ದ ಬಾಲವಾಗಲಿ ಕತ್ತಿನ ಮೇಲೆ ಚೂಪು ಗರಿಗಳಾಗಲಿ ಇಲ್ಲ, ಗರಿಯೆಲ್ಲ ಹೇಂಟೆಯಂತೆಯೇ. ಹಣ್ಣುನೊಣಗಳ ಪ್ರಯೋಗದಿಂದ ಪ್ರಸಿದ್ಧನಾಗಿ 1933ರಲ್ಲಿ ನೊಬೆಲ್ ಪಡೆದ ಟಿ.ಎಚ್. ಮಾರ್ಗನ್ ಈ ಹುಂಜಗಳ ವೃಷಣ ತೆಗೆದು ನೋಡಿದ. ಹೊಸದಾಗಿ ಬಂದ ಗರಿಗಳು ಹುಂಜದಂಥವು! 1919ರಲ್ಲಿ ಅವನು ಇದನ್ನು ಪ್ರಕಟಿಸಿದ. ಈ ತಳಿಯ ಚರ್ಮ ಗಂಡು ಹಾರ್ಮೋನನ್ನು ಹೆಣ್ಣು ಹಾರ್ಮೋನಾಗಿ ಮಾರ್ಪಡಿಸುತ್ತದೆ ಎಂಬ ವಿವರಣೆ ದೊರೆತದ್ದು ಎಷ್ಟೋ ವರ್ಷಗಳ ನಂತರ. ಗರಿಯ ಆಕಾರಕ್ಕಾಗಿ ಆರಿಸಿದ ಸೆಬ್ರೈಟ್‌ನ ಕೈಗೆ, ಅವನಿಗರಿವಿಲ್ಲದೆಯೇ, ಹಾರ್ಮೋನೊಂದರ ವ್ಯವಹಾರ ಸಿಕ್ಕಿತ್ತು.

ಬೆಲೆ ತೆರುವವರು ಯಾರು?

ಈ ಲೆಕ್ಕಾಚಾರದಲ್ಲಿ ಹಕ್ಕಿಯ ಪಾಲಿಗೆ ಬರುವ ಕಷ್ಟವನ್ನೂ ಮಕ್ಕಳಿಗೆ ಹೇಳಬೇಕು. ‘ಪೋಲಿಷ್’ ಎಂಬ ತಳಿಯ ಕೋಳಿಗೆ ತಲೆಯ ಮೇಲೆ ದೊಡ್ಡ ಗರಿಯ ಜುಟ್ಟು. ಜುಟ್ಟಿನ ಜೊತೆಗೇ ತಲೆಬುರುಡೆ ಗುಮ್ಮಟದಂತೆ ಉಬ್ಬಿ, ಮೆದುಳಿನ ಮೇಲಿನ ಮೂಳೆ ಕೆಲವೊಮ್ಮೆ ಪೂರ್ತಿ ಮುಚ್ಚಿರುವುದಿಲ್ಲ. ಗರಿಗಳು ಕಣ್ಣಿಗೆ ಅಡ್ಡ ಬರುವುದರಿಂದ ಗಿಡುಗ ಎರಗಿದರೂ ಕಾಣದು. ಜಪಾನಿನ ‘ಚಾಬೊ’ ಕೋಳಿಯ ಕಾಲು ತೀರ ಗಿಡ್ಡ. ಗಿಡ್ಡ ಕಾಲಿನ ಎರಡು ಕೋಳಿಗಳನ್ನು ಕೂಡಿಸಿದರೆ ಫಲಿತ ಮೊಟ್ಟೆಗಳಲ್ಲಿ ಸುಮಾರು ಕಾಲು ಭಾಗದ ಮರಿಗಳು ಚಿಪ್ಪಿನೊಳಗೇ ಸಾಯುತ್ತವೆ. ಆ ವಂಶವಾಹಿ ಎರಡಾದರೆ ಬದುಕೇ ಇಲ್ಲ. ಜಪಾನಿನ ಇನ್ನೊಂದು ತಳಿ ‘ಒನಗದೊರಿ’. ಇದರ ಹುಂಜದ ಬಾಲದ ಗರಿ ಉದುರದೆ ವರ್ಷವರ್ಷವೂ ಬೆಳೆದು ಹತ್ತು ಮೀಟರ್ ದಾಟಿದ್ದೂ ಉಂಟು. 1952ರಿಂದ ಅದು ಆ ದೇಶದ ವಿಶೇಷ ನೈಸರ್ಗಿಕ ಸ್ಮಾರಕ. ಆದರೆ ಬಾಲ ಕೊಳೆಯಾಗದಿರಲೆಂದು ಹುಂಜವನ್ನು ಎತ್ತರದ ಇಕ್ಕಟ್ಟು ಪೆಟ್ಟಿಗೆಯಲ್ಲಿ ಕೂರಿಸಿ ಬೆಳೆಸುವ ಪದ್ಧತಿ ಬೆಳೆದುಬಂತು. ಕೆದಕಿ ತಿನ್ನುವುದು ಕೋಳಿಯ ಹುಟ್ಟುಗುಣ. ಕೆದಕಲು ನೆಲವೇ ಇಲ್ಲದ ಹುಂಜಕ್ಕೆ ಹತ್ತು ಮೀಟರ್ ಬಾಲದಿಂದ ಏನು ಬಂತು?

ಮನೆಯಲ್ಲೊಂದು ಪ್ರಯೋಗ

ಇಂಥ ಕೋಳಿ ಸಾಕುವ ಆಸೆ ಮಗುವಿಗಿದ್ದರೆ ಪೋಷಕರು ಬೇಡವೆನ್ನಬೇಕಿಲ್ಲ. ಆದರೆ ಕೆಲವು ಸಂಗತಿ ಮೊದಲೇ ತಿಳಿದಿರಲಿ. ಹುಟ್ಟುವ ಮರಿಗಳಲ್ಲಿ ಸುಮಾರು ಅರ್ಧ ಹುಂಜಗಳೇ. ಅವುಗಳಿಗೂ ಜಾಗ ಬೇಕು. ಹೇಂಟೆಯ ದೇಹದಲ್ಲಿ ಹುಂಜದ ವೀರ್ಯ ಎರಡು ಮೂರು ವಾರ ಉಳಿಯುವುದರಿಂದ ಹುಂಜವನ್ನು ಬದಲಿಸಿದ ಮೂರು ವಾರದ ನಂತರದ ಮೊಟ್ಟೆಗಳನ್ನೇ ಲೆಕ್ಕಕ್ಕೆ ಹಿಡಿಯಬೇಕು. ಪ್ರತಿ ಕೋಳಿಯ ಕಾಲಿಗೆ ಗುರುತಿನ ಉಂಗುರ, ತಂದೆತಾಯಿಯ ವಿವರಕ್ಕೊಂದು ನೋಟ್‌ಬುಕ್ ಇರಲಿ. ಜಾತ್ರೆಗಳಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಾರುವ ಮರಿಗಳಿಗೆ ಮಾತ್ರ ಮರುಳಾಗಬೇಡಿ. ಆ ಬಣ್ಣ ಹೊಸ ಗರಿ ಬಂದೊಡನೆ ಹೋಗುತ್ತದೆ. ಮುಂದಿನ ತಲೆಮಾರಿಗಂತೂ ಖಂಡಿತ ಹೋಗುವುದಿಲ್ಲ.

ಕೋಳಿಯಿಲ್ಲದೆಯೂ ಈ ಪಾಠ ಕಲಿಯಬಹುದು. ಎರಡು ನಾಣ್ಯ ತೆಗೆದುಕೊಳ್ಳಿ. ಒಂದು ತಂದೆ, ಒಂದು ತಾಯಿ. ‘ತಲೆ’ ಬಿದ್ದರೆ ಫ್ರಿಜಲ್ ವಂಶವಾಹಿ, ‘ಬಾಲ’ ಬಿದ್ದರೆ ಸಾಮಾನ್ಯ. ಎರಡನ್ನೂ ಒಟ್ಟಿಗೆ ನಾಲ್ಕು ಬಾರಿ ಚಿಮ್ಮಿ ಬರೆದುಕೊಳ್ಳಿ. ಲೆಕ್ಕ ಸರಿಬರದೆ ಇರಬಹುದು. ನೂರು ಬಾರಿ ಚಿಮ್ಮಿದರೆ 1:2:1ರ ಸಮೀಪಕ್ಕೆ ಬರುತ್ತದೆ. ಎರಡು ತಲೆ ಬಿದ್ದ ಸಲವೆಲ್ಲ ಒಂದು ಬತ್ತಲೆ ಮರಿ ಹುಟ್ಟಿತೆಂದು ತಿಳಿಯಿರಿ. ನಂತರ ತಾಯಿಯ ನಾಣ್ಯವನ್ನು ಯಾವಾಗಲೂ ‘ಬಾಲ’ವೇ ಎಂದಿಟ್ಟುಕೊಂಡು ತಂದೆಯ ನಾಣ್ಯವನ್ನಷ್ಟೇ ಚಿಮ್ಮಿ ನೋಡಿ. ಬತ್ತಲೆ ಮರಿಗಳು ಒಂದೂ ಉಳಿಯುವುದಿಲ್ಲ.

ಗರಿಯೊಂದನ್ನೇ ಬೇರೆಯಾಗಿ ಆರಿಸಿಕೊಳ್ಳಲು ಪ್ರಕೃತಿ ಬಿಡುವುದಿಲ್ಲ. ಗರಿಯ ಜೊತೆಗೆ ಹೃದಯ, ಮೂಳೆ, ಚರ್ಮ, ಕಣ್ಣು ಎಲ್ಲವೂ ಬರುತ್ತವೆ. ಯಾವ ಕೋಳಿಗೆ ಯಾವ ಕೋಳಿ ಜೊತೆ ಎಂದು ನಿರ್ಧರಿಸುವ ಕೈ ನಮ್ಮದು. ಅದರ ಫಲವನ್ನು ಅನುಭವಿಸುವ ಮೈ ಮಾತ್ರ ಹಕ್ಕಿಯದು. ಈ ಎಚ್ಚರವಿದ್ದವರ ಹಿಂಡಿನಲ್ಲಿ ಅಂದವೂ ಇರುತ್ತದೆ, ಆರೋಗ್ಯವೂ ಇರುತ್ತದೆ.