ಡಿಸ್ಕಿನಲ್ಲಿರುವುದು ಅದೇ ಸಿನಿಮಾನಾ?

ಊರು ಬಿಟ್ಟು ಇಷ್ಟು ದೂರ ಬಂದ ಮೇಲೆ ಹಳೆಯ ಚಿತ್ರ ನೋಡಬೇಕೆಂದರೆ ನಮಗಿರುವ ದಾರಿ ಎರಡೇ: ಡಿಸ್ಕು, ಇಲ್ಲವೇ ಸ್ಟ್ರೀಮಿಂಗ್. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು "ನೋಡಿ, ನಾವು ಥಿಯೇಟರಿನಲ್ಲಿ ನೋಡಿದ್ದು ಇದನ್ನೇ" ಅನ್ನುತ್ತೇವೆ. ಆ ಮಕ್ಕಳ ಪಾಲಿಗೆ ಇನ್ನು ಮುಂದೆ ಆ ಸಿನಿಮಾ ಅಂದರೆ ಈ ಡಿಸ್ಕೇ. ಹಾಗಾಗಿ ಅದರ ಬಣ್ಣ, ಚೌಕಟ್ಟು, ದನಿ ಎಷ್ಟು ನಿಜ ಅಂತ ಕೇಳಿಕೊಳ್ಳುವುದು ಅತಿ ಚಪಲವೇನಲ್ಲ.

ಮೊದಲು ಒಬ್ಬ ಸಾಕ್ಷಿಯನ್ನು ಬದಿಗಿಡೋಣ: ನಮ್ಮ ನೆನಪು. ಕತ್ತಲೆಯಲ್ಲಿ ಕೂತ ಕಣ್ಣು ಪರದೆಯ ಮೇಲೆ ಯಾವುದು ಎಲ್ಲಕ್ಕಿಂತ ಬೆಳ್ಳಗಿದೆಯೋ ಅದನ್ನೇ ಬಿಳಿ ಎಂದು ಒಪ್ಪಿಕೊಂಡುಬಿಡುತ್ತದೆ. ಐದೇ ನಿಮಿಷದಲ್ಲಿ ಹಳದಿ ಬೆಳಕೂ ಬಿಳಿಯೇ. ಕಥೆ, ಹಾಡು, ಪಕ್ಕದವರ ಶಿಳ್ಳೆ ಎಲ್ಲ ನೆನಪಿರುತ್ತದೆ. ನಾಯಕನ ಅಂಗಿ ಎಷ್ಟು ನೀಲಿಯಾಗಿತ್ತು ಎಂಬುದನ್ನು ಮೂವತ್ತು ವರ್ಷದ ಮೇಲೆ ಯಾರೂ ಹೇಳಲಾರರು.

ಸರಿ, ಥಿಯೇಟರಿನಂತೆ ಅಂದರೆ ಯಾವ ಥಿಯೇಟರಿನಂತೆ? ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾದ 'ಶೋಲೆ'ಯನ್ನೇ ತೆಗೆದುಕೊಳ್ಳಿ. 1975ರ ಆಗಸ್ಟ್ 15ರಂದು ಬಿಡುಗಡೆಯಾದ ಈ ಚಿತ್ರವನ್ನು ತೆಗೆದದ್ದು 35 ಎಂ.ಎಂ. ಫಿಲ್ಮಿನಲ್ಲಿ. ದೊಡ್ಡ ಥಿಯೇಟರುಗಳಿಗೆಂದು ಅದನ್ನು 70 ಎಂ.ಎಂ.ಗೆ ಹಿಗ್ಗಿಸಿದರು. 70 ಎಂ.ಎಂ.ನ ಅಗಲದ ಚೌಕಟ್ಟಿಗೆ ಹೊಂದಿಸಬೇಕಾದರೆ ಚಿತ್ರದ ಮೇಲೆ ಕೆಳಗೆ ಒಂದಿಷ್ಟು ಭಾಗ ಹೋಗಲೇಬೇಕು. ಹೀಗಾಗಿ ದೊಡ್ಡ ಊರಿನವರು ನೋಡಿದ್ದು ಅಗಲವಾದ, ಆರು ಟ್ರ್ಯಾಕಿನ ಸ್ಟೀರಿಯೊ ಶೋಲೆ. ಸಣ್ಣ ಊರಿನ ಟೆಂಟಿನಲ್ಲಿ ನೋಡಿದ್ದು 35 ಎಂ.ಎಂ. ಶೋಲೆ. ಇಬ್ಬರದೂ ಥಿಯೇಟರೇ!

ಇಲ್ಲಿ ಅನೇಕರು ಎಡವುತ್ತಾರೆ. ಟಿವಿಯಲ್ಲಿ ಬಂದ ಪ್ರತಿಯಲ್ಲಿ ತಲೆಯ ಮೇಲೆ ಆಕಾಶ ಹೆಚ್ಚು ಕಂಡರೆ, ಅದೇ ಪೂರ್ತಿ ಚಿತ್ರ, ಡಿಸ್ಕಿನವರು ಕತ್ತರಿಸಿದ್ದಾರೆ ಅನ್ನುತ್ತಾರೆ. ಹೆಚ್ಚು ಕಂಡಿದ್ದೆಲ್ಲ ನಿಜವಲ್ಲ, ಛಾಯಾಗ್ರಾಹಕ ತೋರಿಸಬೇಕೆಂದುಕೊಂಡಿದ್ದಷ್ಟೇ ನಿಜ. 2025ರಲ್ಲಿ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಶೋಲೆಯನ್ನು 4ಕೆಯಲ್ಲಿ ಪುನರುಜ್ಜೀವನಗೊಳಿಸಿದಾಗ ಆ ಅಗಲದ ಚೌಕಟ್ಟನ್ನೇ ಆರಿಸಿಕೊಂಡರು. ಜೊತೆಗೆ ಸೆನ್ಸಾರ್ ಬದಲಾಯಿಸಿದ್ದ ಮೂಲ ಅಂತ್ಯವನ್ನು, ಅಂದರೆ ಠಾಕೂರ್ ಗಬ್ಬರನನ್ನು ಕೊಲ್ಲುವುದನ್ನು, ಮತ್ತೆ ಸೇರಿಸಿದರು. ಇದು ನಿರ್ದೇಶಕರು ಬಯಸಿದ ಶೋಲೆ. 1975ರ ಜನ ನೋಡಿದ ಶೋಲೆ ಇದಲ್ಲ. ಎರಡಕ್ಕೂ ಬೆಲೆಯಿದೆ, ಆದರೆ ಒಂದನ್ನು ಇನ್ನೊಂದರ ಹೆಸರಿನಲ್ಲಿ ಮಾರಬಾರದು.

ಬಣ್ಣದ ವಿಷಯ ಇನ್ನೂ ಸೂಕ್ಷ್ಮ. ಥಿಯೇಟರಿನಲ್ಲಿ ಓಡುತ್ತಿದ್ದುದು ನೆಗೆಟಿವ್ ಅಲ್ಲ, ಅದರಿಂದ ನಕಲು ಮಾಡುತ್ತಾ ಬಂದು ಕೊನೆಗೆ ತೆಗೆದ ಪ್ರಿಂಟ್. ಪ್ರಿಂಟಿನ ಫಿಲ್ಮಿಗೆ ಅದರದ್ದೇ ಗುಣವಿದೆ: ನೆರಳು ಗಾಢವಾಗುತ್ತದೆ, ಬಣ್ಣ ದಟ್ಟವಾಗುತ್ತದೆ. ಇವತ್ತು ಡಿಸ್ಕಿಗೆಂದು ನೇರವಾಗಿ ನೆಗೆಟಿವನ್ನೇ ಸ್ಕ್ಯಾನ್ ಮಾಡಿದಾಗ ಯಾವ ಪ್ರೇಕ್ಷಕನೂ ನೋಡಿರದ ಮೂಲೆಗಳೂ ಬೆಳಕಿಗೆ ಬರುತ್ತವೆ. ನೋಡುವುದಕ್ಕೆ ಚೆಂದವೇ. ಆದರೆ ಕತ್ತಲೆಯಲ್ಲಿ ಅಡಗಿರಬೇಕಾದ ಕಳ್ಳ ಕಾಣಿಸಿಬಿಟ್ಟರೆ ದೃಶ್ಯದ ಗತಿಯೇನು? ಹಾಗಂತ ಹಳೇ ಪ್ರಿಂಟನ್ನೇ ಪ್ರಮಾಣ ಮಾಡಿಕೊಳ್ಳೋಣವೆಂದರೆ, ಐವತ್ತರಿಂದ ಎಪ್ಪತ್ತರ ದಶಕದವರೆಗಿನ ಎಷ್ಟೋ ಬಣ್ಣದ ಪ್ರಿಂಟುಗಳು ಈಗ ಮಾಸಿ ಗುಲಾಬಿ ತಿರುಗಿವೆ.

ರಾಮನಗರದ ಬಂಡೆಯ ಬಣ್ಣ ನಮಗೆಲ್ಲ ಗೊತ್ತಲ್ಲ, ಮೈಸೂರು ರಸ್ತೆಯಲ್ಲಿ ಎಷ್ಟು ಸಲ ನೋಡಿಲ್ಲ, ಅದನ್ನೇ ಅಳತೆಗೋಲು ಮಾಡಿದರಾಯಿತು ಅನ್ನಿಸಬಹುದು. ಅದೂ ನಡೆಯುವುದಿಲ್ಲ. ಬಂಡೆ ಹೇಗಿದೆ ಎಂಬುದು ಬೇರೆ, ಸಿನಿಮಾದಲ್ಲಿ ಹೇಗೆ ಕಾಣಿಸಿದರು ಎಂಬುದು ಬೇರೆ. 1999ರ 'ದಿ ಮ್ಯಾಟ್ರಿಕ್ಸ್' ನೋಡಿ. ಕಂಪ್ಯೂಟರ್ ಲೋಕದ ದೃಶ್ಯಗಳಿಗೆ ಬೇಕೆಂದೇ ತುಸು ಹಸಿರು ಛಾಯೆ ಕೊಟ್ಟಿದ್ದರು. ಮುಂದಿನ ಭಾಗಗಳು ಬಂದ ಮೇಲೆ ಅವಕ್ಕೆ ಹೊಂದಲೆಂದು ಡಿಸ್ಕಿನಲ್ಲಿ ಮೊದಲ ಭಾಗಕ್ಕೂ ಹಸಿರು ಬಳಿದರು. ಛಾಯಾಗ್ರಾಹಕ ಬಿಲ್ ಪೋಪ್ ಮೇಲ್ವಿಚಾರಣೆಯಲ್ಲಿ 2018ರಲ್ಲಿ ಬಂದ 4ಕೆ ಡಿಸ್ಕು ಆ ಹಸಿರನ್ನು ಇಳಿಸಿತು. ನಡುವೆ ಹುಟ್ಟಿ ಬೆಳೆದವರಿಗೆ ಇದೇ ತಪ್ಪು ಪ್ರತಿಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ನಿರ್ದೇಶಕರೇ ಒಪ್ಪಿದ್ದಾರೆ ಎಂಬ ಮುದ್ರೆ ಬಿದ್ದರೆ ಸಾಕೆ? ಸಾಲದು. 1971ರ 'ದಿ ಫ್ರೆಂಚ್ ಕನೆಕ್ಷನ್'ಗೆ 2009ರ ಬ್ಲೂ-ರೇಯಲ್ಲಿ ನಿರ್ದೇಶಕ ವಿಲಿಯಂ ಫ್ರೀಡ್ಕಿನ್ ಹೊಸದೇ ಬಣ್ಣ ಕೊಟ್ಟರು. ಅದರ ಛಾಯಾಗ್ರಾಹಕ ಓವನ್ ರೋಯ್ಜ್‌ಮನ್ ಬಹಿರಂಗವಾಗಿಯೇ ವಿರೋಧಿಸಿದರು. ಕೆಲವು ವರ್ಷಗಳಲ್ಲಿ ಬೇರೆ ಪ್ರತಿ ಬಂತು. ನನ್ನ ಮಟ್ಟಿಗೆ, ನಿರ್ದೇಶಕರ ಈಗಿನ ಅಭಿರುಚಿಗಿಂತ ಛಾಯಾಗ್ರಾಹಕರ ಅಂದಿನ ಕೆಲಸಕ್ಕೆ ಒಂದು ತೂಕ ಹೆಚ್ಚು.

ಮನೆಯಲ್ಲೇ ಕೂತು ಸುಲಭವಾಗಿ ಹಿಡಿಯಬಹುದಾದದ್ದು ಮುಖದ ಚರ್ಮ. ಫಿಲ್ಮಿನಲ್ಲಿ ಸಣ್ಣ ಮರಳಿನಂಥ ಕಣಗಳು ಸದಾ ಮಿಸುಕಾಡುತ್ತಿರುತ್ತವೆ. ಅದು ಕೊಳೆಯಲ್ಲ, ಚಿತ್ರವೇ ಅದರಿಂದಾದದ್ದು. ಅದನ್ನು ಒರೆಸಿಹಾಕಿದರೆ ಮುಖಗಳು ಮೇಣದ ಬೊಂಬೆಯಂತಾಗುತ್ತವೆ, ಕೂದಲು ಅಂಟಿಕೊಂಡ ಮುದ್ದೆಯಾಗುತ್ತದೆ. 'ಪ್ರೆಡೇಟರ್' ಚಿತ್ರದ 2010ರ ಬ್ಲೂ-ರೇ ಇದಕ್ಕೇ ಕುಖ್ಯಾತ.

ಡಿಸ್ಕನ್ನು ಬೈಯುವ ಮುಂಚೆ ನಿಮ್ಮ ಟಿವಿಯನ್ನೂ ವಿಚಾರಿಸಿಕೊಳ್ಳಿ. ಅಂಗಡಿಯಿಂದ ಬಂದಾಗ ಅದು ಕಣ್ಣು ಕುಕ್ಕುವ 'ವಿವಿಡ್' ಸ್ಥಿತಿಯಲ್ಲಿರಬಹುದು. ಚಲನೆಯನ್ನು ನುಣುಪು ಮಾಡುವ ಸೌಲಭ್ಯ ಆನ್ ಇದ್ದರೆ ಸಿನಿಮಾ ಧಾರಾವಾಹಿಯಂತೆ ಕಾಣುತ್ತದೆ. ಅದನ್ನು ಆಫ್ ಮಾಡಿ, 'ಫಿಲ್ಮ್‌ಮೇಕರ್' ಅಥವಾ 'ಸಿನಿಮಾ' ಮೋಡ್ ಹಾಕಿ, ದೀಪ ಆರಿಸಿ. ಡಿಜಿಟಲ್ ಥಿಯೇಟರಿನ ಬಿಳಿಗೆ ಮಾನದಂಡ 48 ನಿಟ್ ಮಾತ್ರ. ಇಂದಿನ ಎಷ್ಟೋ ಟಿವಿಗಳು 1000 ನಿಟ್ ದಾಟುತ್ತವೆ. ಹಳೆಯ ಚಿತ್ರ ಅಷ್ಟು ಹೊಳೆಯಬೇಕಾದ ಅಗತ್ಯವೇ ಇಲ್ಲ.

ರೇಡಿಯೊ ಕೇಳುವ ನಿಮಗೆ ಕಿವಿಯ ಪರೀಕ್ಷೆಯೂ ಒಂದಿದೆ. ಇಂಗ್ಲೆಂಡ್, ಜರ್ಮನಿ, ಆಸ್ಟ್ರೇಲಿಯಾ, ಗಲ್ಫ್ ಕಡೆ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ಡಿವಿಡಿಗಳಲ್ಲಿ ಸೆಕೆಂಡಿಗೆ 24 ಚೌಕಟ್ಟಿನ ಚಿತ್ರವನ್ನು 25ರ ವೇಗದಲ್ಲಿ ಓಡಿಸುತ್ತಿದ್ದುದು ಸಾಮಾನ್ಯ. 150 ನಿಮಿಷದ ಚಿತ್ರ 144 ನಿಮಿಷಕ್ಕೆ ಮುಗಿಯುತ್ತದೆ. ಸರಿಪಡಿಸದಿದ್ದರೆ ಹಾಡಿನ ಶ್ರುತಿಯೂ ಒಂದು ಸ್ವರಸ್ಥಾನದ ಮುಕ್ಕಾಲು ಪಾಲಿನಷ್ಟು ಏರಿಬಿಡುತ್ತದೆ. ಶ್ರುತಿ ಪೆಟ್ಟಿಗೆ ಇರುವವರು ಸೀಡಿಯಲ್ಲಿರುವ ಅದೇ ಹಾಡಿನೊಡನೆ ಹೋಲಿಸಿ ನೋಡಿ.

ಕನ್ನಡದ ಮಾತಿಗೆ ಬಂದರೆ, 1971ರ ಕಪ್ಪುಬಿಳುಪಿನ 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣದಲ್ಲಿ ಬಂತು. ಬಣ್ಣ ಹಚ್ಚಿದ್ದೇವೆ ಎಂದು ಹೇಳಿಯೇ ಬಿಡುಗಡೆ ಮಾಡಿದ್ದರಿಂದ ಅಲ್ಲಿ ಮೋಸವಿಲ್ಲ. ನನಗೆ ಚಿಂತೆ ಇರುವುದು ಹೇಳದೆ ಕತ್ತರಿಸಿದ ಪ್ರತಿಗಳ ಬಗ್ಗೆ. 1977ರ 'ಸೊಸೆ ತಂದ ಸೌಭಾಗ್ಯ' ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ ಎಂದು ಹೆಸರಾದದ್ದು. ಅಂಥ ಅಗಲದ ಚಿತ್ರವನ್ನು ಹಳೆಯ ಟಿವಿಯ ಚೌಕಕ್ಕೆ ತುಂಬಿಸಿದರೆ ಶೇ. 40ಕ್ಕೂ ಹೆಚ್ಚು ಭಾಗ ಹೊರಗುಳಿಯುತ್ತದೆ. ಎರಡು ತುದಿಯಲ್ಲಿ ನಿಂತು ಜಗಳವಾಡುವ ಇಬ್ಬರಲ್ಲಿ ಒಬ್ಬರು ಮಾಯ!

ಒಳ್ಳೆಯ ಸುದ್ದಿಯೂ ಇದೆ. ಅದೇ 1977ರ 'ಘಟಶ್ರಾದ್ಧ' 4ಕೆಯಲ್ಲಿ ಪುನರುಜ್ಜೀವನಗೊಂಡು 2024ರ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಅದರ ಛಾಯಾಗ್ರಾಹಕ ಎಸ್. ರಾಮಚಂದ್ರ ಈಗಿಲ್ಲ, ಆದರೆ ನಿರ್ದೇಶಕ ಗಿರೀಶ ಕಾಸರವಳ್ಳಿ ನಮ್ಮೊಂದಿಗಿದ್ದಾರೆ. ಅದು ನಿಮ್ಮ ಊರಿನ ಯಾವುದಾದರೂ ಚಿತ್ರೋತ್ಸವಕ್ಕೆ ಬಂದರೆ ಹೋಗಿ ನೋಡಿ, ಆ ಕಪ್ಪುಬಿಳುಪು ಎಷ್ಟು ಗಾಢವಾಗಿದೆ ಎಂದು ಅಂದೇ ರಾತ್ರಿ ಬರೆದಿಟ್ಟುಕೊಳ್ಳಿ. ಮುಂದೆ ಡಿಸ್ಕು ಬಂದಾಗ ಹೋಲಿಸಲು ಆ ಟಿಪ್ಪಣಿ ಕೈಗೆ ಸಿಗುತ್ತದೆ.